ಸೀದ ದೋಸೆಯ ವಾಸನೆ

ಗುರುವಪ್ಪ ಸತ್ತ ಐದನೆಯ ದಿನ ಕಮಲಾಕ್ಷ ಥಾಣೆಯ ಕೋಪರಿಯ ಹಳೇ ಕಟ್ಟಡದ ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿ ದಯಾನಂದರ ಬಾಗಿಲು ಬಡಿದ. ಅವನ ಹಿಂದೆ ಗುರುವಪ್ಪನ ಹೆಂಡತಿ ಮೋಹಿನಿ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಳು.

ದಯಾನಂದರು ಮೂವತ್ತು ವರ್ಷ ತುರ್ಭೆಯ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದವರು. ಥಾಣೆಯಿಂದ ಕಲ್ಯಾಣದವರೆಗಿನ ಕನ್ನಡದವರು ಏನಾದರೂ ಕಳೆದುಹೋದರೆ, ಯಾರಾದರೂ ಕಾಣೆಯಾದರೆ, ಪೊಲೀಸರಿಗಿಂತ ಮೊದಲು ಅವರ ಮನೆಗೆ ಓಡುವುದು ವಾಡಿಕೆಯಾಗಿಬಿಟ್ಟಿತ್ತು. ಅಂಥ ಎಲ್ಲ ಕೆಲಸಕ್ಕೂ ಅವರ ಚೀಲ ಹಿಡಿದು ಹಿಂದೆ ಹೋಗುತ್ತಿದ್ದವನು ಹೋಟೆಲ್ ಮಾಣಿ ಕಮಲಾಕ್ಷ. ಈ ಸಲ ಸತ್ತವನು ಅವನ ಜೀವದ ಗೆಳೆಯ.

"ದಯಣ್ಣ, ಹುಲಗಪ್ಪನೇ ಕೊಂದದ್ದು. ನೀವು ಪುರಾವೆ ಹುಡುಕಿ ಕೊಡಿ, ಸಾಕು."

"ಪುರಾವೆ ಸಿಗುವ ಮೊದಲೇ ನಿನಗೆ ಹೇಗೆ ಗೊತ್ತಾಯ್ತು ಮಾರಾಯ? ಕೂತುಕೋ. ಮೊದಲಿಂದ ಹೇಳು."

ಕಮಲಾಕ್ಷ ಹೇಳಿದ. ಸ್ಟೇಷನ್ ಹೊರಗಿನ ರಮಾಕಾಂತ ಭಟ್ಟರ ಹೋಟೆಲಿನಲ್ಲಿ ಗುರುವಪ್ಪ ಇಪ್ಪತ್ತೆಂಟು ವರ್ಷ ದೋಸೆ ಹೊಯ್ದವನು. ಸಂಸಾರ ಡೊಂಬಿವಲಿಯಲ್ಲಿ. ಬೆಳಗಿನ ನಾಲ್ಕಕ್ಕೇ ಒಲೆ ಹಚ್ಚಬೇಕಲ್ಲ, ಹಾಗಾಗಿ ವಾರವಿಡೀ ಹೋಟೆಲಿನ ಅಟ್ಟದಲ್ಲೇ, ಕಮಲಾಕ್ಷನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ. ಹತ್ತು ತಿಂಗಳ ಹಿಂದೆ ಬಾಗಲಕೋಟೆ ಕಡೆಯ ಹುಲಗಪ್ಪ ಸಹಾಯಕ್ಕೆಂದು ಬಂದ. ಮುದುಕನಿಗೆ ಮಂಡಿ ಹೋಗಿದೆ, ಬರುವ ತಿಂಗಳಿಂದ ಕಾವಲಿ ಹುಲಗಪ್ಪನಿಗೆ ಎಂದು ಭಟ್ಟರು ಹೇಳಿದ ಮೇಲೆ ಇಬ್ಬರಿಗೂ ದಿನಾ ಜಗಳ.

"ಆವತ್ತು ಗುರುವಾರ. ಎರಡು ಗಂಟೆಗೆ ಗಿರಾಕಿ ಕಮ್ಮಿಯಾದಾಗ ಗುರುವಣ್ಣ ಮಂಡಿ ಹಿಡಿದು ಕೂತ. ಮಾತ್ರೆ ನುಂಗಿಸಿ ಎಬ್ಬಿಸಿದೆ. ಮೂರಕ್ಕೆ ಎಲ್ಲರೂ ಊಟಕ್ಕೆ ಕೂತೆವು. ಹುಲಗಪ್ಪ ಅವನ ತಟ್ಟೆಗೆ ಶೇಂಗಾ ಚಟ್ನಿಪುಡಿ ಬಡಿಸಿದ. ನಾಲ್ಕು ತುತ್ತು, ದಯಣ್ಣ. ನಾಲ್ಕೇ ತುತ್ತು. ಉಸಿರು ಕಟ್ಟಿತು. ದಮ್ಮಿನ ಪಂಪು ಹೊಡೆದರೂ ಬಿಡಲಿಲ್ಲ. ಆಸ್ಪತ್ರೆ ಬಾಗಿಲಲ್ಲೇ..."

"ಡಾಕ್ಟರು ಅಲರ್ಜಿ ಇರಬಹುದು ಅಂದರು," ಎಂದಳು ಮೋಹಿನಿ. "ಅವರಿಗೆ ದಮ್ಮು ಉಂಟು ಅಂತ ಎಲ್ಲರಿಗೂ ಗೊತ್ತಿತ್ತು. ಮೂಗಿನೊಳಗಿನ ಗಂಟು ಎರಡು ಸಲ ತೆಗೆಸಿ, ವಾಸನೆಯೇ ಹೋಗಿತ್ತು. ಅಂಥವರಿಗೆ ಆ ಹುಡುಗ ಬೇಕಂತಲೇ ಹಾಕಿದ. ಪೊಲೀಸರು ಎರಡು ಸಲ ಕರೆಸಿದ್ದಾರೆ. ನಾಳೆ ಸಂಜೆ ಒಳಗೆ ಹಾಕುತ್ತಾರಂತೆ. ಹಾಕಲಿ!"

ಗುರುವಪ್ಪನಿಗೆ ವಾಸನೆ ತಿಳಿಯದ್ದು ಕಮಲಾಕ್ಷನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಂಟು ವರ್ಷದಿಂದ ಅವನ ಮೂಗು ಇವನೇ. ಮೂರನೇ ಟೇಬಲ್ಲಿಗೆ ಕಾಫಿ ಇಡುತ್ತಿದ್ದರೂ ಅಲ್ಲಿಂದಲೇ "ಗುರುವಣ್ಣಾ, ಸೀದಿತು!" ಎಂದು ಕೂಗುವನು. "ನಿನ್ನಂಥ ಮೂಗು ಇದ್ದಿದ್ದರೆ ನಾನೇ ಹೋಟೆಲು ಇಡ್ತಿದ್ದೆನೋ" ಎಂದು ಗುರುವಪ್ಪ ನಗುತ್ತ ದೋಸೆ ಮಗುಚುವನು.

ದಯಾನಂದರು ಕಮಲಾಕ್ಷನ ಜತೆ ಹೋಟೆಲಿಗೆ ಬಂದಾಗ ಹುಲಗಪ್ಪ ಗ್ರೈಂಡರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಎಡಗೆನ್ನೆ ಊದಿತ್ತು. ಹೊಡೆದವನು ಕಮಲಾಕ್ಷನೇ.

"ನಾ ಏನೂ ಮಾಡಿಲ್ರಿ ಯಪ್ಪಾ," ಎಂದ ಅವನು. "ನಮ್ಮವ್ವ ಕಳಿಸಿದ ಪುಡಿ ಐತಿ ಅದು. ಗುರುವಣ್ಣಾರು ದಿನಾ ತಿಂತಿದ್ರು. ಜಗಳ ಆಡ್ಕೊಂತನ ತಿಂತಿದ್ರು. ಅರ್ಧಾ ಡಬ್ಬಿ ಅವರ ಖಾಲಿ ಮಾಡ್ಯಾರ್ರಿ."

"ಸುಳ್ಳು!" ಎಂದ ಕಮಲಾಕ್ಷ.

"ನೀವ ಅವತ್ತ ಚಾಷ್ಟಿ ಮಾಡಿದ್ರಲ್ಲಣ್ಣಾ, ಮರ್ತ್ರೇನು? 'ಇನ್ನೂ ಬಾಯಿಗೇ ಇಟ್ಟಿಲ್ಲ, ಹುಲಗಪ್ಪನ ಖಾರಕ್ಕೆ ಆಗಲೇ ಮೂಗು ಸೋರ್ತಾ ಉಂಟು' ಅಂತ?"

ದಯಾನಂದರು ತಿರುಗಿ ನೋಡಿದರು. "ಹಾಗೆ ಹೇಳಿದ್ದೆಯಾ?"

"ಹೇಳಿದ್ದೆ. ಕಣ್ಣೂ ಕೆಂಪಾಗಿತ್ತು. ತಮಾಷೆಗೆ ಅಂದೆ."

ಅಟ್ಟದಲ್ಲಿ ಗುರುವಪ್ಪನ ಟ್ರಂಕು ತೆರೆದರು. ಉಸಿರಿನ ಪಂಪು, ಎರಡು ಲುಂಗಿ, ಒಂದು ಸಣ್ಣ ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಹಾಳೆಯಿಂದ ಬಿಡಿಸಿಟ್ಟ ಮೂರು ಬಿಳಿ ಮಾತ್ರೆ.

"ಮಂಡಿನೋವಿಗೆ," ಎಂದ ಕಮಲಾಕ್ಷ. "ಕಾವಲಿ ಮುಟ್ಟಿ ಮುಟ್ಟಿ ಅವನ ಬೆರಳ ತುದಿ ಮರಗಟ್ಟಿತ್ತು. ಮಾತ್ರೆಯ ಹಾಳೆ ಒಡೆಯಲಿಕ್ಕೆ ಆಗುತ್ತಿರಲಿಲ್ಲ. ನಾನೇ ಒಡೆದು ಇದರಲ್ಲಿ ತುಂಬಿಡುತ್ತಿದ್ದೆ."

ದಯಾನಂದರು ಒಂದು ಮಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಮೇಲಿನ ಅಚ್ಚನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಂಬಂಧವೇ ಇಲ್ಲದಂತೆ ಕೇಳಿದರು: "ನಿನ್ನ ಹಲ್ಲು ಈಗ ಹೇಗುಂಟು?"

"ಕಿತ್ತು ಮೂರು ವಾರ ಆಯ್ತಲ್ಲ. ಈಗ ಏನೂ ಇಲ್ಲ." ಇಷ್ಟರ ನಡುವೆಯೂ ತನ್ನ ಹಲ್ಲು ನೆನಪಿಟ್ಟರಲ್ಲ ಎಂದು ಕಮಲಾಕ್ಷನ ಕಣ್ಣು ತುಂಬಿತು. ದಯಾನಂದರು ಡಬ್ಬಿಯ ಮುಚ್ಚಳ ಹಾಕಲು ಎರಡು ಸಲ ತಡವರಿಸಿದ್ದನ್ನು ಅವನು ನೋಡಿದ, ಆದರೆ ವಯಸ್ಸಾಯಿತು ಎಂದುಕೊಂಡ.

ಮರುದಿನ ನಾಲ್ಕು ಗಂಟೆಗೆ ಹೋಟೆಲಿನ ಅರ್ಧ ಶಟರು ಎಳೆಸಿ ಎಲ್ಲರನ್ನೂ ಕೂರಿಸಿದರು. ದುಡ್ಡಿನ ಗಲ್ಲೆಯಲ್ಲಿ ಭಟ್ಟರು, ಗೋಡೆಯ ಬದಿ ಮೋಹಿನಿ, ಅಡಿಗೆಮನೆಯ ಬಾಗಿಲಲ್ಲಿ ಹುಲಗಪ್ಪ. ಕಮಲಾಕ್ಷ ಎಂದಿನಂತೆ ಚೀಲ ತೊಡೆಯ ಮೇಲಿಟ್ಟುಕೊಂಡು ದಯಾನಂದರ ಬಲಕ್ಕೆ ಕೂತ.

"ಶೇಂಗಾ ಅವನನ್ನು ಕೊಲ್ಲಲಿಲ್ಲ," ದಯಾನಂದರು ಶುರು ಮಾಡಿದರು. "ತಿಂಗಳುಗಟ್ಟಲೆ ಅದನ್ನು ತಿಂದಿದ್ದಾನೆ. ಮೈಮೇಲೆ ದದ್ದಿಲ್ಲ, ತುಟಿ ಊದಲಿಲ್ಲ. ಎಲ್ಲಕ್ಕಿಂತ ಮುಖ್ಯ, ತುತ್ತು ಬಾಯಿಗೆ ಹೋಗುವ ಮೊದಲೇ ಮೂಗು ಸೋರುತ್ತಿತ್ತು, ಕಣ್ಣು ಕೆಂಪಾಗಿತ್ತು. ಅಂದರೆ ಒಳಗಿನ ಗಲಾಟೆ ಊಟಕ್ಕೆ ಮುಂಚೆಯೇ ಶುರುವಾಗಿತ್ತು. ಮೋಹಿನಿ, ಆರು ವರ್ಷದ ಹಿಂದೆ ರಜೆಯಲ್ಲಿ ಮನೆಗೆ ಬಂದಾಗ ಒಂದು ನೋವಿನ ಮಾತ್ರೆ ನುಂಗಿ ಅವನು ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದದ್ದು ಹೌದೋ?"

"ಹೌದು. ಆ ಜಾತಿಯ ಮಾತ್ರೆ ಮತ್ತೆ ಮುಟ್ಟಬಾರದು ಅಂತ ಫೈಲಿನಲ್ಲಿ ಬರೆದುಕೊಟ್ಟರು. ಅದಕ್ಕೇ ಪ್ಯಾರಾಸಿಟಮಾಲ್ ಒಂದನ್ನೇ ವಾರವಾರ ಕಳಿಸುತ್ತಿದ್ದೆ. ಆ ವಾರ ಮಗಳಿಗೆ ಜ್ವರ. ಕಳಿಸಲಿಕ್ಕೆ ಮರೆತೆ."

"ನಮ್ಮ ಜೀವಕೋಶಗಳ ಪೊರೆಯಲ್ಲಿ ಒಂದು ಕೊಬ್ಬಿನ ಆಮ್ಲ ಉಂಟು, ಅರಾಕಿಡೋನಿಕ್ ಆಮ್ಲ ಅಂತ. ಬೇಕಾದಾಗ ದೇಹ ಅದನ್ನು ಬಿಡಿಸಿ ಎರಡು ದಾರಿಯಲ್ಲಿ ಕಳಿಸುತ್ತದೆ. ಒಂದು ದಾರಿಯಲ್ಲಿ ಪ್ರೋಸ್ಟಗ್ಲಾಂಡಿನ್ ಆಗುತ್ತದೆ. ನೋವು, ಬಾವು ತರುವುದು ಅದೇ. ಆದರೆ ಅದರದೇ ಒಂದು ಬಗೆ ಉಸಿರಿನ ನಾಳವನ್ನು ಕಾಯುತ್ತದೆ. ಇನ್ನೊಂದು ದಾರಿಯಲ್ಲಿ ಲ್ಯೂಕೋಟ್ರೈನ್ ಆಗುತ್ತದೆ. ಅದು ನಾಳವನ್ನು ಹಿಂಡುತ್ತದೆ, ಒಳಗೆ ಊದಿಸುತ್ತದೆ, ಮೂಗು ಸೋರಿಸುತ್ತದೆ. ಅಲರ್ಜಿಯಲ್ಲೂ ಉಸಿರು ಕಟ್ಟಿಸುವುದರಲ್ಲಿ ಅದರ ಕೈಯುಂಟು. ಡಾಕ್ಟರಿಗೆ ಅಲರ್ಜಿಯಂತೆ ಕಂಡದ್ದು ಅದಕ್ಕೇ."

"ಮಾತ್ರೆಗೂ ಇದಕ್ಕೂ ಎಂತ ಸಂಬಂಧ?" ಎಂದರು ಭಟ್ಟರು.

"ಭಾನುವಾರ ಹಳಿ ರಿಪೇರಿಗೆ ಅಂತ ಮೆಗಾಬ್ಲಾಕ್ ಮಾಡಿ ಲೋಕಲ್ಲಿನ ಸ್ಲೋ ಲೈನ್ ಬಂದ್ ಮಾಡಿದರೆ ಏನಾಗುತ್ತದೆ ಭಟ್ರೇ? ಗಾಡಿಯೆಲ್ಲ ಫಾಸ್ಟ್ ಲೈನಿಗೆ ನುಗ್ಗುತ್ತದೆ. ಆ ಜಾತಿಯ ಮಾತ್ರೆ ಮೊದಲನೇ ದಾರಿಯನ್ನು ಮುಚ್ಚುತ್ತದೆ. ನಿಮಗೆ ನನಗೆ ನೋವು ಹೋಗುತ್ತದೆ, ಅಷ್ಟೇ. ಆದರೆ ದಮ್ಮು, ಮೂಗಿನ ಗಂಟು ಎರಡೂ ಇರುವ ಕೆಲವರಲ್ಲಿ ಉಸಿರಿನ ನಾಳವನ್ನು ಕಾಯುವುದು ನಿಂತುಹೋಗಿ, ಎರಡನೇ ದಾರಿಯಲ್ಲಿ ಲ್ಯೂಕೋಟ್ರೈನ್ ಉಕ್ಕುತ್ತದೆ. ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ. ಎರಡಕ್ಕೆ ಮಾತ್ರೆ. ಮೂರಕ್ಕೆ ಮೂಗು ಸೋರಿತು. ಡಬ್ಬಿಯಲ್ಲಿ ಉಳಿದ ಮೂರು ಪ್ಯಾರಾಸಿಟಮಾಲ್ ಅಲ್ಲ, ಆ ಜಾತಿಯವೇ. ಬೆಳಿಗ್ಗೆ ಮೋಹಿನಿಯಿಂದ ಫೈಲು ತರಿಸಿ, ಆಸ್ಪತ್ರೆಗೆ ಹೋಗಿ ಡಬ್ಬಿ, ಫೈಲು ಎರಡನ್ನೂ ತೋರಿಸಿದೆ. ಡಾಕ್ಟರು ಪೊಲೀಸರಿಗೆ ಬರೆದುಕೊಟ್ಟಿದ್ದಾರೆ. ಹುಲಗಪ್ಪ, ನೀನು ಇವತ್ತು ಎಲ್ಲಿಗೂ ಹೋಗಬೇಕಾಗಿಲ್ಲ."

ಹುಲಗಪ್ಪ ಬಾಗಿಲಲ್ಲೇ ನಿಂತು ದಯಾನಂದರಿಗೆ ಕೈ ಮುಗಿದ.

"ಹಾಗಾದರೆ ಆ ಮಾತ್ರೆ ಹಾಕಿದ್ದು ಯಾರು?" ಮೋಹಿನಿ ಎದ್ದು ನಿಂತಳು.

"ಹಾಕಿದವನಿಗೆ ಗೊತ್ತಿರಲಿಲ್ಲ," ಎಂದರು ದಯಾನಂದರು. ಅವರ ಕಣ್ಣು ನೆಲ ಬಿಟ್ಟು ಏಳಲಿಲ್ಲ. "ಅಷ್ಟು ಸಾಕು ಮೋಹಿನಿ. ಹೆಸರು ಬೇಡ."

ಕಮಲಾಕ್ಷನ ತೊಡೆಯ ಮೇಲಿದ್ದ ಚೀಲ ಜಾರಿ ಕೆಳಗೆ ಬಿತ್ತು. ಹಲ್ಲಿನ ಡಾಕ್ಟರು ಬರೆದುಕೊಟ್ಟದ್ದು ಹತ್ತು ಮಾತ್ರೆ. ಆರರಲ್ಲೇ ಇವನ ನೋವು ಹೋಗಿತ್ತು. ಗುರುವಣ್ಣನ ಡಬ್ಬಿ ಖಾಲಿ. ಇದೂ ಬಿಳಿ, ಅದೂ ಬಿಳಿ, ಎರಡೂ ನೋವಿಗೇ. ಸುಮ್ಮನೆ ಹಾಳಾಗುವುದು ಯಾಕೆ? ಹೆಬ್ಬೆರಳಿನಿಂದ ಒಂದೊಂದೇ ಒತ್ತಿ ನಾಲ್ಕನ್ನು ಡಬ್ಬಿಗೆ ಹಾಕಿದಾಗ ಬಂದ ಸದ್ದು ಕೂಡ ಅವನಿಗೆ ಈಗ ಕೇಳಿಸಿತು.

"ನಾನು, ಮೋಹಿನಿಯಕ್ಕ," ಎಂದ. "ನಾನೇ."

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಅವರಿಗೆ ಯಾವುದು ಆಗೋದಿಲ್ಲ ಅಂತ ನಿಮಗೊಂದು ಮಾತು ಹೇಳಿರಲಿಲ್ಲ ನಾನು," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಸೆರಗು ಹೊದ್ದು, ಅರ್ಧ ಶಟರಿನ ಕೆಳಗೆ ಬಗ್ಗಿ, ಸ್ಟೇಷನ್ನಿನ ಜನರೊಳಗೆ ಸೇರಿಹೋದಳು.

ದಯಾನಂದರು ಚೀಲ ತಾವೇ ಎತ್ತಿಕೊಂಡರು. ಕಮಲಾಕ್ಷನ ಭುಜದ ಮೇಲೆ ಕೈ ಇಡಲು ಹೋದವರು ಹಾಗೇ ಹಿಂದೆಗೆದರು. ಹುಲಗಪ್ಪ ಒಂದು ಲೋಟ ನೀರು ತಂದು ಮುಂದಿಟ್ಟ. "ಕುಡೀರಿ ಅಣ್ಣಾ." ಕಮಲಾಕ್ಷ ಆ ಊದಿದ ಕೆನ್ನೆಯನ್ನು ನೋಡಲಾರದೆ ಹೋದ.

ಐದಾಯಿತು. ಹೊಟ್ಟೆಪಾಡು, ಶಟರು ಎತ್ತಲೇಬೇಕಾಯಿತು. ಗಿರಾಕಿಗಳು ತುಂಬಿದರು. ಹುಲಗಪ್ಪ ಕಾವಲಿಗೆ ಹಿಟ್ಟು ಹೊಯ್ದು, ಮುಖ ಒರೆಸಿಕೊಳ್ಳುತ್ತ ಮೈಮರೆತು ನಿಂತ. ಸೀದ ವಾಸನೆ ಹಬ್ಬಿತು.

ಮೂರನೇ ಟೇಬಲ್ಲಿನ ಬಳಿ ನಿಂತಿದ್ದ ಕಮಲಾಕ್ಷನ ಬಾಯಿ ತಾನಾಗಿ ತೆರೆಯಿತು. "ಗುರುವಣ್ಣಾ, ಸೀದಿತು!"