ಎಡಗಡೆಯಿಂದ ಬಂದ ಬೆಳಕು

ಕ್ಯಾಮೆರಾ ಬ್ಯಾಗ್ ಹೊತ್ತು ಕಲ್ಯಾಣಮಂಟಪದ ಒಳಗೆ ಕಾಲಿಟ್ಟ ವಿನೀಷಾ ನಿಂತಲ್ಲೇ ನಿಂತಳು.

ಎದುರು ಬದಿಯಲ್ಲಿ ಗಂಡಿನ ಕಡೆಯ ಫೋಟೋಗ್ರಾಫರ್ ಲೈಟಿನ ಸ್ಟ್ಯಾಂಡ್ ನಿಲ್ಲಿಸುತ್ತಿದ್ದ. ಕಾಣುತ್ತಿದ್ದದ್ದು ಬೆನ್ನು ಮಾತ್ರ. ಆದರೆ ಆ ಬೆನ್ನು...!

ಅವನು ತಿರುಗಿದ.

ಶಿಜಿತ್!

ಒಂದು ವರ್ಷದ ಮೇಲೆ... ಒಟ್ಟಪ್ಪಾಲದಲ್ಲಿ ಇಷ್ಟು ಮಂಟಪಗಳಿರುವಾಗ ಇವನಿಗೆ ಇದೇ ಸಿಗಬೇಕಿತ್ತೇ?

"ವಿನೀ... ನೀನು ಇಲ್ಲಿ?"

"ಹೆಣ್ಣಿನ ಕಡೆಯವರದ್ದು ಈ ಬದಿ. ನೀವು ಆ ಕಡೆ ಹೋಗಿ, ಸಾರ್."

ಸಾರ್! ಅವನ ಮುಖ ಬಾಡಿತು. ಹಿಂದೆಲ್ಲ ‘ಶಿಜಿಯೇಟ್ಟಾ’ ಎನ್ನದೆ ಅವಳ ಒಂದು ಮಾತೂ ಮುಗಿಯುತ್ತಿರಲಿಲ್ಲ. ಮದುವೆಯಾಗುವವನನ್ನು ಕರೆಯುವ ಹಾಗೆ, ಊರೆಲ್ಲ ಕೇಳುವ ಹಾಗೆ ಕರೆಯುತ್ತಿದ್ದಳು.

ಅವಳು ಬೆನ್ನು ತಿರುಗಿಸಿ ತನ್ನ ಕೋಲನ್ನು ಬಲಗಡೆಯ ಕಂಬಕ್ಕೆ ಬಿಗಿದು ಕಟ್ಟತೊಡಗಿದಳು. ಅದು ಗೋಡೆಗೆ ಬಣ್ಣ ಬಳಿಯುವವರ ಉದ್ದನೆಯ ಕೋಲು. ತುದಿಯಲ್ಲಿ ಹಳೆಯ ಫ್ಲ್ಯಾಶ್. ಅದರ ಮುಂದೆ, ಬೆಳಕು ಮೆತ್ತಗಾಗಲೆಂದು, ಅಮ್ಮಮ್ಮನ ಸವೆದ ಮುಂಡುಪಂಚೆಯನ್ನು ಹರಿದು ಹೊಲಿದ ಬಿಳಿ ಕೊಡೆ.

ಎಲ್ಲವನ್ನೂ ಅವನೊಂದಿಗೇ ಹುಡುಕಿ ತಂದದ್ದು... ದೊಡ್ಡ ಸ್ಟುಡಿಯೋಗಳ ದುಬಾರಿ ದೀಪ ನಮಗೆಲ್ಲಿ ಬರಬೇಕು ಎಂದು ನಗುತ್ತಾ, ಕೋಳಿಕ್ಕೋಡಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ ಒಂದೊಂದಾಗಿ ಕೂಡಿಸಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಿಗರ್‌ಗಳು ಎರಡು ಜೊತೆ. ಒಂದು ಕ್ಯಾಮೆರಾದ ಮೇಲೆ, ಅದರ ಜೋಡಿ ಫ್ಲ್ಯಾಶಿನ ಕೆಳಗೆ. ಇಲ್ಲಿ ಒತ್ತಿದರೆ ತಂತಿಯಿಲ್ಲದೆ ಅಲ್ಲಿ ಬೆಳಕು!

ಚಾನೆಲ್ಲಿನ ಗುಂಡಿ ಸಾಸಿವೆಯಷ್ಟು. ಅವನು ಸೇಫ್ಟಿ ಪಿನ್ನಿನಿಂದ ಎಲ್ಲವನ್ನೂ ಮೂರನೇ ನಂಬರಿಗೆ ಸರಿಸಿದ್ದ.

"ಎಲ್ಲಾ ಒಂದೇ ಚಾನೆಲ್ ಇರಲಿ ವಿನೀ. ಯಾರು ಕ್ಲಿಕ್ ಮಾಡಿದ್ರೂ ಇಬ್ಬರ ಬೆಳಕೂ ಹತ್ತಬೇಕು."

ಆ ಬೆಳಕಿನಲ್ಲಿ ಅವಳು ತೆಗೆದ ಮೊದಲ ಚಿತ್ರ ಅಮ್ಮಮ್ಮನದು. ಅಡಿಕೆ ಕತ್ತರಿ ಹಿಡಿದು, ಬಾಯ್ತುಂಬ ವೀಳ್ಯ ತುಂಬಿಕೊಂಡು ನಗುತ್ತಿದ್ದ ಚಿತ್ರ.

ಒಂದು ತಿಂಗಳಿಗೆ ಅದೇ ಚಿತ್ರ ಬಸ್‌ಸ್ಟ್ಯಾಂಡಿನ ಎದುರು ಹೋರ್ಡಿಂಗಾಗಿ ನಿಂತಿತ್ತು. ಕೆಳಗೆ ಒಂದು ದೊಡ್ಡ ಸ್ಟುಡಿಯೋದ ಹೆಸರು. ಅದೇ ವಾರ ಶಿಜಿತ್ ಆ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದ. ಅವಳಿಗೆ ಒಂದು ಮಾತೂ ಹೇಳದೆ!

"ನನ್ನ ಮೋರೇನೇ ಮಾರಿಬಿಟ್ಟನಲ್ಲೇ ನಿನ್ನ ಶಿಜಿ! ಮೊದಲೇ ಹೇಳಿದ್ರೆ ಹಲ್ಲಾದ್ರೂ ಕಟ್ಟಿಸ್ಕೋತಿದ್ದೆ!" ಎಂದು ಅಮ್ಮಮ್ಮ ನಕ್ಕಿದ್ದಳು.

ವಿನೀಷಾಗೆ ನಗು ಬಂದಿರಲಿಲ್ಲ. ಅವನ ನಂಬರನ್ನು ಬ್ಲಾಕ್ ಮಾಡಿ, ಆ ಬಸ್‌ಸ್ಟ್ಯಾಂಡಿನ ದಾರಿಯನ್ನೇ ಬಿಟ್ಟಿದ್ದಳು.

"ಮೋಳೇ... ಮಗಳೇ!" ಹೆಣ್ಣಿನ ಸೋದರಮಾವ ಬೆವರು ಒರೆಸಿಕೊಳ್ಳುತ್ತಾ ಬಂದರು. "ಹುಡುಗಿ ಕೈಲಿ ಮದುವೆ ಫೋಟೋನಾ ಅಂತ ಮನೆಯವರೆಲ್ಲ ನನ್ನ ಕಿವಿ ಹಿಂಡಿದ್ರು. ನಾನೇ ಹಟ ಹಿಡಿದು ನಿನ್ನ ಕರೆಸಿದ್ದು. ಬೇರೆ ಏನು ಹೋದ್ರೂ ಹೋಗ್ಲಿ, ತಾಳಿ ಕಟ್ಟೋದೊಂದು ತಪ್ಪಬಾರದು!"

"ತಪ್ಪಲ್ಲ ಅಮ್ಮಾವಾ," ಎಂದಳು, ತನ್ನ ಸೋದರಮಾವನನ್ನೇ ಕರೆಯುವಂತೆ.

ಅವಳು ಒಬ್ಬಳೇ ಒಪ್ಪಿಕೊಂಡ ಮೊದಲ ಮದುವೆ ಇದು. ಇದು ಕೆಟ್ಟರೆ ಇನ್ನೊಂದು ಸಿಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮುಹೂರ್ತಕ್ಕೆ ಜನ ಮಂಟಪವನ್ನು ಮುತ್ತಿಕೊಂಡರು. ಆಗ... ಅವಳು ಒತ್ತದಿದ್ದರೂ ಅವಳ ಕೊಡೆ ಬೆಳಗಿತು!

ಮತ್ತೊಮ್ಮೆ. ಮತ್ತೆ ಮತ್ತೆ!

ಅವಳು ಎದುರು ನೋಡಿದಳು. ಶಿಜಿತ್ ಒಂದೇ ಸಮನೆ ಕ್ಲಿಕ್ ಮಾಡುತ್ತಿದ್ದ. ಅವನ ಕ್ಯಾಮೆರಾದ ಮೇಲೆ ಅದೇ ಬೆಂಕಿಪೊಟ್ಟಣದಂಥ ಟ್ರಿಗರ್.

‘ಮೂರನೇ ಚಾನೆಲ್! ಬೇಕೆಂದೇ ನನ್ನ ಸೆಲ್ ಖಾಲಿ ಮಾಡಿಸುತ್ತಿದ್ದಾನೆ... ಅಂದು ಚಿತ್ರ ಕದ್ದ, ಇಂದು ಬೆಳಕು ಕದಿಯುತ್ತಿದ್ದಾನೆ!’

ಫ್ಲ್ಯಾಶಿನ ಬೆನ್ನಿನ ಕೆಂಪು ದೀಪ ಆರಿಹೋಯಿತು. ಹೊಸ ಸೆಲ್‌ಗಳೇನೋ ಬ್ಯಾಗಿನಲ್ಲಿದ್ದವು. ಆದರೆ ಆ ಕಂಬಕ್ಕೂ ಅವಳಿಗೂ ನಡುವೆ ನೆಂಟರ ಗೋಡೆಯೇ ನಿಂತಿತ್ತು. ಅವಳು ಸುಟ್ಟುಬಿಡುವಂತೆ ಅವನನ್ನು ನೋಡಿದಳು.

ಅವನು ಅವಳ ಆರಿದ ಕೊಡೆಯನ್ನು ನೋಡಿದ. ತನ್ನ ಕ್ಯಾಮೆರಾದ ಪರದೆಯನ್ನು ನೋಡಿದ. ಹುಬ್ಬು ಗಂಟಿಕ್ಕಿತು. ಏನೋ ಕೂಗಿದ. ನಾದಸ್ವರ, ತವಿಲಿನ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

ವರ ತಾಳಿ ಎತ್ತಿಕೊಂಡ.

ಶಿಜಿತ್ ಕ್ಯಾಮೆರಾವನ್ನು ಎದೆಯ ಮೇಲೆ ಇಳಿಬಿಟ್ಟು, ಎರಡೂ ಖಾಲಿ ಕೈಗಳನ್ನು ಮೇಲೆತ್ತಿ ತೋರಿಸಿದ.

‘ನಿನ್ನ ಕಥೆ ಮುಗೀತು ಅಂತ ಅಣಕಿಸುತ್ತಿದ್ದಾನೆ...!’

ಹೆಂಗಸರು ನಾಲಿಗೆ ಆಡಿಸಿ ಹಾಕುವ ಮಂಗಳದ ಕೂಗು, ಕುರವೆ, ಮೊಳಗಿತು. ತುಂಬಿ ಬಂದ ಕಣ್ಣಿನಿಂದಲೇ ಅವಳು ಒತ್ತಿದಳು.

ಬೆಳಕು!

ಮತ್ತೆ ಒತ್ತಿದಳು. ಮತ್ತೆ ಬೆಳಕು! ಮದುಮಗಳ ಬಾಗಿದ ಕತ್ತು, ಬೆವರಿದ ವರನ ಬೆರಳು, ಗಂಟು... ಎಲ್ಲವೂ ಸ್ಪಷ್ಟ.

ತಾಳಿ ಕಟ್ಟಿ ಮುಗಿದ ಮೇಲೆ ಅವಳು ಚಿತ್ರಗಳನ್ನು ನೋಡಿದಳು. ಬೆಳಕು ಬಿದ್ದದ್ದು ಎಡಗಡೆಯಿಂದ. ಎಡಗಡೆ ಅವಳ ದೀಪವೇ ಇರಲಿಲ್ಲ!

ಅತ್ತ ಗಂಡಿನ ಕಡೆಯ ಹಿರಿಯರೊಬ್ಬರು ಗುಡುಗುತ್ತಿದ್ದರು. "ಏನಪ್ಪಾ, ತಾಳಿ ಕಟ್ಟೋವಾಗ ಕೈ ಎತ್ಕೊಂಡು ನಿಂತಿದ್ಯಲ್ಲ! ಪೊಲೀಸ್ ಬಂದಿದ್ರಾ? ಒಂದು ಫೋಟೋನೂ ಇಲ್ವಾ?"

ಅವನು ತಲೆ ತಗ್ಗಿಸಿ ನಿಂತಿದ್ದ.

ಅವಳು ಮತ್ತೆ ತನ್ನ ಕ್ಯಾಮೆರಾದ ಪರದೆ ನೋಡಿದಳು. ನಾನು ಒತ್ತಿದಾಗ ಹತ್ತಿದ್ದು ಅವನ ದೀಪ... ಅದರ ಬೆಳಕು ಪೂರ್ತಿ ನನಗೇ ಸಿಗಲಿ ಎಂದು ತಾನು ಒತ್ತದೆ ನಿಂತನೇ?

ಊಟದ ಹಾಲ್‌ನ ಬಾಗಿಲ ಬಳಿ ಅವನನ್ನು ಅಡ್ಡಗಟ್ಟಿದಳು.

"ಯಾಕೆ ಹೀಗೆ ಮಾಡಿದ್ರಿ?"

"ನಿನ್ನ ಸೆಲ್ ಮುಗಿಸಿದ್ದು ನಾನೇ ಅಲ್ವಾ? ನನ್ನ ಫೋಟೋದಲ್ಲಿ ನಾನು ಇಡದ ಇನ್ನೊಂದು ದೀಪದಿಂದ ನೆರಳು ಬಿದ್ದಿತ್ತು, ನೋಡಿದ ಮೇಲೇ ಗೊತ್ತಾಗಿದ್ದು. ನೀನು ಚಾನೆಲ್ ಬದಲಿಸಿರ್ತೀಯ ಅಂದ್ಕೊಂಡಿದ್ದೆ ವಿನೀ."

"ನೀವು ಬದಲಿಸಿರ್ತೀರಿ ಅಂತ ನಾನು... ನಿಮ್ಮ ಸ್ಟುಡಿಯೋ ಒಳ್ಳೇ ಟ್ರಿಗರ್ ಕೊಡಲಿಲ್ವಾ?"

"ಕೊಟ್ರು. ಪೆಟ್ಟಿಗೇಲೇ ಇದೆ."

"ಅಮ್ಮಮ್ಮನ ಫೋಟೋ?"

"ಇಬ್ಬರಿಗೂ ಕೆಲಸ ಕೇಳೋಕೆ ಅಂತ ತೋರಿಸಿದೆ. ನಿನ್ನ ಹೆಸರೇ ಹೇಳಿದ್ದೆ. ಹುಡುಗಿ ಬೇಡ, ನೀನು ಬಾ ಅಂದ್ರು." ಅವನು ನೆಲ ನೋಡಿದ. "ನಾನು ಹೂಂ ಅಂದುಬಿಟ್ಟೆ. ಹೋರ್ಡಿಂಗ್ ಹಾಕಿದ್ದು ಅವರೇ, ನಿಜ. ಆದ್ರೆ ತೆಗೀರಿ ಅಂತ ಜಗಳ ಆಡೋಕೆ ನನಗೆ ಧೈರ್ಯ ಬರ್ಲಿಲ್ಲ. ನಿನಗೆ ಹೇಳೋಕೂ ಬಾಯಿ ಬರ್ಲಿಲ್ಲ."

"ವರ್ಷಪೂರ್ತಿ?"

"ಎರಡು ಸಲ ಫೋನ್ ಮಾಡ್ದೆ. ನೀನು ಎತ್ತದೇ ಇದ್ದಾಗ... ಸುಳ್ಳು ಯಾಕೆ ಹೇಳ್ಲಿ, ಬಚಾವಾದೆ ಅನ್ನಿಸ್ತು."

ಆ ಮಾತು ಅವಳನ್ನು ಚುಚ್ಚಿತು. ಆದರೆ ಅವನು ಸುಳ್ಳು ಹೇಳಲಿಲ್ಲ. ಒಂದು ವರ್ಷದಿಂದ ಅವಳು ಕಾದದ್ದು ಇದೊಂದಕ್ಕೇ.

"ತಾಳಿ ಫೋಟೋ ಗಂಡಿನ ಕಡೆಯವರಿಗೂ ಕೊಡ್ತೀನಿ," ಎಂದಳು. "ಅದರ ಕೆಳಗೆ ನನ್ನ ಹೆಸರಿರಬೇಕು."

"ನಾನೇ ಹೋಗಿ ಎಲ್ಲರ ಎದುರು ಹೇಳ್ತೀನಿ."

"ಆ ಹೋರ್ಡಿಂಗ್ ಇಳಿಯಬೇಕು."

"ನಾಳೆ ಕೆಲಸ ಹೋದ್ರೂ ಸರಿ, ಇಳಿಸ್ತೀನಿ."

"ಇನ್ನೊಂದು. ಅಮ್ಮಮ್ಮನ ಎದುರು ನಿಂತು ಇದನ್ನೆಲ್ಲ ಹೇಳಬೇಕು."

ಅವನು ಗಾಬರಿಯಾದ. "ಅಡಿಕೆ ಕತ್ತರಿ ಎಸೀತಾರೆ!"

"ಎಸೀಲಿ."

ತಡೆದರೂ ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಅವನು ಅದನ್ನು ಕಂಡುಬಿಟ್ಟ. ಜೇಬಿನಿಂದ ಸೇಫ್ಟಿ ಪಿನ್ ತೆಗೆದು ಅವಳ ಮುಂದೆ ಹಿಡಿದ.

"ಮಧ್ಯಾಹ್ನದ ಫೋಟೋ ಇನ್ನೂ ಬಾಕಿ ಇದೆ. ನಿನ್ನ ಸೆಲ್ ಮತ್ತೆ ಮುಗಿಯೋದು ಬೇಡ. ನಾನು ಚಾನೆಲ್ ಬದಲಿಸಲಾ?"

ವಿನೀಷಾ ಪಿನ್ ತೆಗೆದುಕೊಂಡು ಸೆರಗಿಗೆ ಸಿಕ್ಕಿಸಿಕೊಂಡಳು.

"ಬೇಡ... ನಾನು ಒತ್ತೋವಾಗ ನೀವು ಸುಮ್ಮನಿರಿ. ನೀವು ಒತ್ತೋವಾಗ ನಾನು ಸುಮ್ಮನಿರ್ತೀನಿ."

"ಆಮೇಲೆ?"

"ಆಮೇಲೆ ಅಮ್ಮಮ್ಮನ ಹತ್ರ ಹೋಗೋಣ," ಎಂದಳು. ಮತ್ತೆ, ಬಹಳ ಮೆಲ್ಲಗೆ, "ಶಿಜಿಯೇಟ್ಟಾ..."