ಓದದೆ ಬರೆದ ಸಾಲು

"ಈ ಸಾಲು ಯಾವ ಪುಟದಲ್ಲಿದೆ?"

ಸೆಮಿನಾರ್ ಕೋಣೆಯ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗ ಅವಳು ಹಾಳೆಯಿಂದ ತಲೆಯೆತ್ತಿದಳು.

ಗಿರಣಿ ಮುಷ್ಕರದ ಬಗ್ಗೆ ಅವಳು ಪ್ರಬಂಧ ಓದುತ್ತಿದ್ದಳು. 'ಹೆಂಗಸರು ಮುಷ್ಕರಕ್ಕೆ ಇಳಿಯಲೇ ಇಲ್ಲ' ಎಂಬ ಸಾಲಿನ ಕೆಳಗೆ ದಪ್ಪ ಪುಸ್ತಕವೊಂದರ ಹೆಸರು ಹಾಕಿದ್ದಳು. ಆ ಪುಸ್ತಕವನ್ನು ತೆರೆದೇ ಇರಲಿಲ್ಲ. ಸಾಲು ಕೈಯಿಂದ ಕೈಗೆ ದಾಟಿ ಬಂದ ಯಾರದೋ ನೋಟ್ಸಿನದು.

"ಗೊತ್ತಿಲ್ಲ..." ಎಂದಳು. ತರಗತಿ ಕಿಸಕ್ಕನೆ ನಕ್ಕಿತು.

ಕೇಳಿದವನು ಅವಳಿಗಿಂತ ಒಂದು ವರ್ಷ ಹಿರಿಯ. ಕಾಲೇಜಿನಲ್ಲಿ ಅವನಿಗೆ 'ಅಡಿಟಿಪ್ಪಣಿ' ಎಂದೇ ಹೆಸರು.

ಎಷ್ಟು ಜಂಬ ಇವನಿಗೆ! ಎಂದುಕೊಂಡಳು.

ಅವನ ಬಾಯಿ ಮುಚ್ಚಿಸಲೆಂದೇ ಮರುದಿನ ಗ್ರಂಥಾಲಯದಲ್ಲಿ ಆ ಪುಸ್ತಕ ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಪುಟ ಸಿಕ್ಕಿತು. ಅಲ್ಲಿದ್ದದ್ದೇ ಬೇರೆ. 'ಹೆಂಗಸರ ವಿಷಯ ಯಾರೂ ಬರೆದಿಟ್ಟಿಲ್ಲ.'

ಕಿಟಕಿಯ ಬಳಿ ಅವನು ಕೂತಿದ್ದ. ಅವಳು ನೇರ ಹೋದಳು.

"ಸರಿ, ತಪ್ಪು ನಂದೇ. ಆದ್ರೆ ಎಲ್ಲರ ಮುಂದೆ ನನ್ನ ಮಾನ ಕಳೀಬೇಕಿತ್ತಾ?"

ಅವನು ಪೆನ್ನು ಕೆಳಗಿಟ್ಟ. "ಆ ನೋಟ್ಸ್ ನಂದು ಕಣ್ರೀ. ಹೋದ ವರ್ಷ ಅದೇ ಸಾಲು ಬರೆದು ಫೇಲಾದೆ. ನಿಮ್ಮ ಬಾಯಲ್ಲಿ ಕೇಳಿದಾಗ ಎದೆ ಧಸಕ್ಕಂತು... ಹೊರಗೆ ಕರೆದು ಹೇಳ್ಬೇಕಿತ್ತು. ತಪ್ಪಾಯ್ತು."

ಜಗಳಕ್ಕೆಂದು ಬಂದವಳು ಎದುರಿನ ಕುರ್ಚಿ ಎಳೆದು ಕೂತಳು.

ಅಂದಿನಿಂದ ಇಬ್ಬರೂ ಒಂದೇ ಮೇಜಿನಲ್ಲಿ ಓದಿದರು. ಓದಿದ್ದನ್ನು ಪುಸ್ತಕ ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆಯುವುದು, ಪುಟಸಂಖ್ಯೆಯನ್ನು ಆಗಲೇ ಗುರುತು ಹಾಕುವುದು, ಅನುಮಾನ ಬಂದರೆ ಮೂಲಕ್ಕೇ ಹೋಗುವುದು, ಇವೆಲ್ಲ ಅವನು ಸೋತು ಕಲಿತದ್ದು.

ಈ ಸಲದ ಮೂಲ ಅವಳ ಮನೆಯಲ್ಲೇ ಇತ್ತು. ಅಜ್ಜಿ ಅದೇ ಗಿರಣಿಯಲ್ಲಿ ನೂಲು ತೆಗೆದವಳು.

"ಇಳೀಲಿಲ್ವಾ? ಗೇಟಿನ ಮುಂದೆ ಮೊದಲು ಕೂತವರೇ ನಾವು ಕಣೇ!" ಅಜ್ಜಿ ರೇಗಿದಳು. "ಇಷ್ಟು ವರ್ಷ ನನ್ನ ಯಾರು ಕೇಳಿದ್ರು?"

ಅವಳು ತಲೆ ತಗ್ಗಿಸಿ ಬರೆದುಕೊಂಡಳು.

"ಒಬ್ಬರ ಮಾತು ಸಾಲದು," ಎಂದ ಅವನು, ಮರುದಿನ ಗ್ರಂಥಾಲಯದಲ್ಲಿ ಅದನ್ನು ಓದಿ. ಅಜ್ಜಿಯ ಮೂವರು ಜೊತೆಗಾರ್ತಿಯರನ್ನು ಇಬ್ಬರೂ ಹುಡುಕಿ ಮಾತಾಡಿಸಿದರು. ಅವಳ ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಅವನೂ ಪಾಸಾದ.

ಫಲಿತಾಂಶದ ಮರುದಿನ ಅವಳು ಬರಿಗೈಯಲ್ಲಿ ಗ್ರಂಥಾಲಯಕ್ಕೆ ಬಂದಳು.

"ಇವತ್ತೇನು ಓದ್ತೀರಿ?"

"ಏನೂ ಇಲ್ಲ. ನಿಮ್ಮನ್ನ ನೋಡೋಣ ಅಂತ ಬಂದೆ... ಅಷ್ಟೇ."

ಅವನ ಕಿವಿ ಕೆಂಪಾಯಿತು. ಪಕ್ಕದ ಕುರ್ಚಿಯಿಂದ ಚೀಲ ಎತ್ತಿಕೊಂಡ.

"ಕೂತ್ಕೋ," ಎಂದ. ಮರುಕ್ಷಣ ಗಾಬರಿಯಾದ. "ಅಲ್ಲ... ಕೂತ್ಕೊಳ್ಳಿ."

"ಮೊದಲು ಹೇಳಿದ್ದೇ ಇರಲಿ," ಎಂದಳು ಅವಳು. "ಸ್ವಲ್ಪ ಸರ್ಕೋ."