ಹಳೇ ಚರಂಡಿಯ ಬಾಯಿ

ಹೊಳೆದಡದ ಬಡಾವಣೆಯಲ್ಲಿ ಉದ್ಯಾನ ಮಾಡಲು ಹಳೇ ಚರಂಡಿ ಮುಚ್ಚಿ ಹೊಸ ಕೊಳವೆ ಹಾಕಬೇಕಿತ್ತು. ಎಂಜಿನಿಯರ್ ನಾನೇ. ಅಳತೆಗೆ ಹೋದ ಮಧ್ಯಾಹ್ನ ಒಬ್ಬ ಅಜ್ಜಿ ಚರಂಡಿಯ ಬಾಯಿಗೆ ಅಡ್ಡ ಕೂತಿದ್ದರು.

“ಮುಚ್ಚಬೇಡಪ್ಪ. ನೀರುಪಾಲಾದ ನನ್ನ ಮಗಳು ಇಲ್ಲಿಂದಾನೇ ಮಾತಾಡ್ತಾಳೆ.”

“ಅದು ಗಾಳಿ ಸದ್ದು ಅಜ್ಜಿ.”

“ಕಿವಿ ಕೊಟ್ಟು ನೋಡು.”

ಅವರ ಸಮಾಧಾನಕ್ಕೆಂದು ಬಗ್ಗಿದೆ. ಸುಡುಬಿಸಿಲಲ್ಲೂ ಒಳಗಿನ ಗಾಳಿ ಕೊರೆಯುತ್ತಿತ್ತು. ಒಣಗಿದ ಚರಂಡಿಯಲ್ಲಿ ನೀರು ತುಳುಕಿದ ಸದ್ದಾಯಿತು. ಆಮೇಲೆ ತೀರಾ ಹತ್ತಿರದಿಂದ, ಮೆಲ್ಲಗೆ, “ಊಟ ಆಯ್ತೇನ್ರೀ?”

ತೀರಿಕೊಂಡ ನನ್ನ ಹೆಂಡತಿಯ ದನಿ.

“ಇನ್ನೂ ಇಲ್ಲ ಕಣೇ,” ಅಂದುಬಿಟ್ಟೆ.

ಅಜ್ಜಿ ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿಕೊಟ್ಟರು.

ನಕ್ಷೆ ಬದಲಿಸಿ, ಬಾಯಿ ಮುಚ್ಚದೆ ಅಲ್ಲಿ ಕಬ್ಬಿಣದ ಜಾಲರಿ ಹಾಕಿಸಿದೆ. ಇಂದಿಗೂ ಅರ್ಥವಾಗದ್ದು ಒಂದೇ. ನನ್ನವಳು ಸತ್ತದ್ದು ದೂರದ ಆಸ್ಪತ್ರೆಯಲ್ಲಿ, ಜ್ವರದಿಂದ. ಈ ಊರಿಗೆ ಅವಳು ಒಮ್ಮೆಯೂ ಬಂದವಳಲ್ಲ.